ಬೇಕರಿಗೆ ಬೆಂಕಿ ಬಿದ್ದರೆ ತುಂಬಿಕೊಡುವವರು ಯಾರು?

1666ರ ಸೆಪ್ಟೆಂಬರ್ 2, ಭಾನುವಾರದ ನಸುಕು. ಲಂಡನ್ ನಗರದ ಪುಡಿಂಗ್ ಲೇನ್ ಎಂಬ ಇಕ್ಕಟ್ಟಾದ ಓಣಿಯಲ್ಲಿ ಥಾಮಸ್ ಫ್ಯಾರಿನರ್ ಎಂಬಾತನ ಬೇಕರಿಗೆ ಬೆಂಕಿ ಹತ್ತಿಕೊಂಡಿತು. ಮನೆಮಂದಿ ಮಹಡಿಯ ಕಿಟಕಿಯಿಂದ ಪಕ್ಕದ ಮನೆಗೆ ದಾಟಿ ಬದುಕಿದರು. ದಾಟಲು ಹೆದರಿ ಹಿಂದೆ ಉಳಿದ ಕೆಲಸದಾಕೆ ಬದುಕಲಿಲ್ಲ. ಒತ್ತೊತ್ತಾಗಿ ನಿಂತ ಮರದ ಮನೆಗಳು, ಬೇಸಿಗೆಯಿಡೀ ಒಣಗಿದ್ದ ತೊಲೆಗಳು, ಅದಕ್ಕೆ ಸರಿಯಾಗಿ ಬೀಸುತ್ತಿದ್ದ ಮೂಡಣ ಗಾಳಿ. ನಾಲ್ಕು ದಿನಗಳಲ್ಲಿ 13,000ಕ್ಕೂ ಹೆಚ್ಚು ಮನೆಗಳು ಮತ್ತು 87 ಚರ್ಚುಗಳು ಬೂದಿಯಾದವು. ಸುಟ್ಟುಹೋದ ಮನೆಗಾಗಲಿ ಅಂಗಡಿಗಾಗಲಿ ನಷ್ಟ ಕಟ್ಟಿಕೊಡುವ ಏರ್ಪಾಡು ಆಗ ಅಲ್ಲಿ ಇರಲಿಲ್ಲ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂದು ನಾವು ನಗುವುದುಂಟು. ಲಂಡನ್ನಿನವರು ಮಾಡಿದ್ದೂ ಅದನ್ನೇ. ಆದರೆ ಆ ಬಾಗಿಲು ಮುಂದೆ ಜಗತ್ತಿಗೆಲ್ಲ ಉಪಯೋಗಕ್ಕೆ ಬಂತು. ವೈದ್ಯ ಪದವಿ ಪಡೆದು ಕಟ್ಟಡ ಕಟ್ಟಿಸುವ ವ್ಯಾಪಾರಕ್ಕಿಳಿದಿದ್ದ ನಿಕೊಲಸ್ ಬಾರ್ಬನ್ ಎಂಬಾತ 1680ರ ಸುಮಾರಿಗೆ ಮನೆಗಳಿಗೆ ಬೆಂಕಿ ವಿಮೆ ಮಾಡುವ ಕಚೇರಿ ತೆರೆದ. ಇಟ್ಟಿಗೆ ಮನೆಗೆ ಒಂದು ದರ, ಮರದ ಮನೆಗೆ ಅದರ ದುಪ್ಪಟ್ಟು. ಅಪಾಯ ಹೆಚ್ಚಿದ್ದಲ್ಲಿ ಕಂತೂ ಹೆಚ್ಚು ಎಂಬ ನಿಯಮ ಅಂದಿನಿಂದ ಇಂದಿನವರೆಗೆ ಬದಲಾಗಿಲ್ಲ.

ಭಾರತದಲ್ಲಿ ಬೆಂಕಿ, ಹಡಗು ಮುಂತಾದವುಗಳ ಸಾಮಾನ್ಯ ವಿಮೆ 1850ರಲ್ಲಿ ಕಲ್ಕತ್ತೆಯ ಟ್ರೈಟನ್ ಕಂಪನಿಯಿಂದ ಮೊದಲಾಯಿತು. 1973ರ ಜನವರಿ 1ರಿಂದ ಸಾಮಾನ್ಯ ವಿಮೆ ರಾಷ್ಟ್ರೀಕರಣಗೊಂಡು, ನೂರಕ್ಕೂ ಹೆಚ್ಚು ಕಂಪನಿಗಳು ನಾಲ್ಕು ಸರ್ಕಾರಿ ಕಂಪನಿಗಳಾಗಿ ಕೂಡಿಕೊಂಡವು. 1999ರ ಕಾಯ್ದೆಯ ನಂತರ ಖಾಸಗಿ ಕಂಪನಿಗಳಿಗೂ ಅವಕಾಶವಾಯಿತು. ಇಷ್ಟು ಚರಿತ್ರೆ ಸಾಕು. ಈಗ ನಮ್ಮ ಕಡೆಯ ಒಂದು ಬೇಕರಿಯೊಳಗೆ ಕಾಲಿಡೋಣ.

ಹಾಸನ ಸೀಮೆಯಿಂದ ಬಂದವರು ಹಬ್ಬಿಸಿದ ಅಯ್ಯಂಗಾರ್ ಬೇಕರಿಗಳಿಲ್ಲದ ಪೇಟೆ ಕರ್ನಾಟಕದಲ್ಲಿ ಕಡಿಮೆ. ಯಾವುದೋ ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಎದುರಿಗೆ ಅಂಥದೊಂದು ಬೇಕರಿ ಇದೆಯೆಂದು ಊಹಿಸಿಕೊಳ್ಳಿ. ಮುಂದೆ ಗಾಜಿನ ಶೋಕೇಸು, ಅದರಲ್ಲಿ ಬನ್ನು, ದಿಲ್‌ಪಸಂದ್, ಖಾರದ ಬಿಸ್ಕತ್ತು. ಹಿಂದೆ ಓವನ್, ಹಿಟ್ಟು ಕಲಸುವ ಯಂತ್ರ, ಮೈದಾ ಮೂಟೆ, ವನಸ್ಪತಿ ಡಬ್ಬ. ಕೆಲಸಕ್ಕೆ ನಾಲ್ವರು ಹುಡುಗರು. ಅಕ್ಕಪಕ್ಕದ ಹಳ್ಳಿಯ ಅಂಗಡಿಗಳಿಗೆ ಬ್ರೆಡ್ಡು ಸಾಗಿಸಲು ಒಂದು ಸ್ಕೂಟರು. ಯಂತ್ರಗಳಿಗೆ ಬ್ಯಾಂಕಿನ ಸಾಲ, ಸಾಲಕ್ಕೆ ಮನೆಯ ಪತ್ರ ಅಡವು. ಮಾಲೀಕರ ಮಗಳು ಎಂಜಿನಿಯರಿಂಗ್ ಎರಡನೆಯ ವರ್ಷ, ಮಗ ಪಿ.ಯು.ಸಿ. ಈ ಬೇಕರಿ ಮೂರು ತಿಂಗಳು ಬಾಗಿಲು ಹಾಕಿದರೆ ನಿಲ್ಲುವುದು ಬನ್ನು ಮಾತ್ರವಲ್ಲ. ಕಾಲೇಜಿನ ಫೀಸು, ಬ್ಯಾಂಕಿನ ಕಂತು, ನಾಲ್ವರು ಹುಡುಗರು ಊರಿಗೆ ಕಳಿಸುವ ಹಣ, ಎಲ್ಲವೂ ನಿಲ್ಲುತ್ತದೆ.

‘ಇನ್ಶೂರೆನ್ಸ್ ಮಾಡಿಸಿದ್ದೀರಾ?’ ಎಂದು ಇಂಥ ಮಾಲೀಕರನ್ನು ಕೇಳಿದರೆ ‘ಬ್ಯಾಂಕಿನವರೇ ಮಾಡಿಸಿದ್ದಾರಲ್ಲ’ ಎಂಬ ಉತ್ತರ ಸಾಮಾನ್ಯ. ಯಾವುದಕ್ಕೆ, ಎಷ್ಟಕ್ಕೆ, ಯಾವಾಗ ಮುಗಿಯುತ್ತದೆ ಎಂದು ಮುಂದೆ ಕೇಳಿದರೆ ಉತ್ತರ ಬರುವುದಿಲ್ಲ. ವಿಮೆ ಎಂಬುದು ಒಂದೇ ಕೊಡೆಯಲ್ಲ. ಬೆಂಕಿಗೆ ಬೇರೆ, ಕಳವಿಗೆ ಬೇರೆ, ಕೆಲಸಗಾರನ ಕೈಗೆ ಬೇರೆ, ಗಿರಾಕಿಯ ಹೊಟ್ಟೆಗೆ ಬೇರೆ. ಒಂದಿದ್ದರೆ ಇನ್ನೊಂದು ತಾನಾಗಿ ಬರುವುದಿಲ್ಲ.

ನಾಣ್ಯ ಚಿಮ್ಮಿದ ಲೆಕ್ಕ

ಇಷ್ಟು ಕಡಿಮೆ ಕಂತು ತೆಗೆದುಕೊಂಡು ಕಂಪನಿ ಅಷ್ಟು ದೊಡ್ಡ ನಷ್ಟವನ್ನು ಹೇಗೆ ಕಟ್ಟಿಕೊಡುತ್ತದೆ? ಇದು ವಿದ್ಯಾರ್ಥಿಗಳು ಮನೆಯಲ್ಲೇ ಪ್ರಯೋಗ ಮಾಡಿ ತಿಳಿಯಬಹುದಾದ ವಿಷಯ. ಒಂದು ನಾಣ್ಯವನ್ನು 10 ಸಲ ಚಿಮ್ಮಿ. 7 ಸಲ ತಲೆ ಬಿದ್ದರೂ ಆಶ್ಚರ್ಯವಿಲ್ಲ. ಅದೇ 1,000 ಸಲ ಚಿಮ್ಮಿದರೆ 700 ತಲೆ ಬೀಳುವುದು ಆಗದ ಮಾತು. ಹೆಚ್ಚುಕಡಿಮೆ ಯಾವಾಗಲೂ 450ರಿಂದ 550ರೊಳಗೆ ಬಂದು ನಿಲ್ಲುತ್ತದೆ. ಒಂದು ನಾಣ್ಯದ ನಡತೆ ಯಾರಿಗೂ ತಿಳಿಯದು, ಸಾವಿರ ಸಲದ ನಡತೆ ಮೊದಲೇ ತಿಳಿದಂತೆಯೇ ಸರಿ. ಸ್ವಿಟ್ಜರ್ಲೆಂಡಿನ ಗಣಿತಜ್ಞ ಯಾಕೋಬ್ ಬರ್ನೂಲಿ ಇದನ್ನು ಸಾಧಿಸಿ ತೋರಿಸಿದ ಗ್ರಂಥ ಅವನು ತೀರಿಕೊಂಡ ಮೇಲೆ, 1713ರಲ್ಲಿ, ಅಚ್ಚಾಯಿತು. ವಿಮಾ ಕಂಪನಿಗಳ ಬಂಡವಾಳ ಹಣವೆಂದು ಜನ ತಿಳಿಯುತ್ತಾರೆ. ನಿಜವಾದ ಬಂಡವಾಳ ಬರ್ನೂಲಿಯ ಈ ನಿಯಮ.

ಊಹೆಯ ಲೆಕ್ಕವೊಂದನ್ನು ನೋಡಿ. 1,000 ಬೇಕರಿಗಳಿವೆ, ವರ್ಷಕ್ಕೆ ಸರಾಸರಿ ಎರಡು ಸುಡುತ್ತವೆ, ಒಂದೊಂದರ ನಷ್ಟ 10 ಲಕ್ಷ ರೂ. ಎಂದಿಟ್ಟುಕೊಳ್ಳೋಣ. ಒಟ್ಟು ನಷ್ಟ 20 ಲಕ್ಷ. ಪ್ರತಿ ಬೇಕರಿಯೂ 2,000 ರೂ. ಹಾಕಿದರೆ ನಷ್ಟ ತುಂಬುತ್ತದೆ. ಕಂಪನಿಯ ಖರ್ಚು ಮತ್ತು ಲಾಭ ಸೇರಿ ಇನ್ನಷ್ಟು ಕೊಡಬೇಕಾದೀತು, ಅಷ್ಟೆ. ಸುಡದ 998 ಮಂದಿಯ ಹಣ ‘ದಂಡ’ವಾಯಿತೇ? ಹಾಗೆ ಕೇಳುವವರುಂಟು. ರಾತ್ರಿ ಕಳ್ಳ ಬರಲಿಲ್ಲವೆಂದು ಬೆಳಿಗ್ಗೆ ಬೀಗದ ಹಣ ದಂಡವಾಯಿತು ಎಂದು ಯಾರೂ ಅಳುವುದಿಲ್ಲ.

ಹೆಸರು ಬೆಂಕಿಯದು, ಒಳಗೆ ನೀರೂ ಇದೆ

ಬೇಕರಿಗೆ ಮೊದಲು ಬೇಕಾದದ್ದು ಬೆಂಕಿ ವಿಮೆ. 2021ರ ಏಪ್ರಿಲ್ 1ರಿಂದ ಸಣ್ಣ ಉದ್ಯಮಗಳಿಗಾಗಿ ವಿಮಾ ನಿಯಂತ್ರಣ ಪ್ರಾಧಿಕಾರ ಒಂದೇ ಮಾದರಿಯ ಪಾಲಿಸಿಯನ್ನು ಗೊತ್ತುಮಾಡಿತು. ಅದರ ಹೆಸರು ‘ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ’. ಒಂದು ಸ್ಥಳದಲ್ಲಿರುವ ಕಟ್ಟಡ, ಯಂತ್ರ, ಸರಕು ಎಲ್ಲ ಸೇರಿ 5 ಕೋಟಿ ರೂ. ಮೀರದ ಉದ್ಯಮಗಳಿಗೆ ಇದು. ಇದರಲ್ಲಿ ಬೆಂಕಿಯ ಜೊತೆಗೆ ಸಿಡಿಲು, ಸ್ಫೋಟ, ಭೂಕಂಪ, ಬಿರುಗಾಳಿ, ನೆರೆ, ಭೂಕುಸಿತ, ಗಲಭೆ, ವಾಹನ ಬಂದು ಗುದ್ದುವುದು ಇವೆಲ್ಲ ಸೇರಿವೆ. ಇಂಥ ಅನಾಹುತವಾದ ಏಳು ದಿನಗಳೊಳಗೆ ಅದೇ ಗೊಂದಲದಲ್ಲಿ ಸಾಮಾನು ಕಳವಾದರೆ ಅದಕ್ಕೂ ರಕ್ಷಣೆ ಉಂಟು.

ಬೆಂಕಿ ಪಾಲಿಸಿಯಲ್ಲಿ ನೆರೆಯೂ ಸೇರಿದೆಯೆಂದು ಎಷ್ಟೋ ಅಂಗಡಿಯವರಿಗೆ ತಿಳಿದಿಲ್ಲ. 2019ರ ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಪೇಟೆಗಳಿಗೆ ನೀರು ನುಗ್ಗಿದಾಗ, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಬಡಾವಣೆಗಳು ಮುಳುಗಿದಾಗ ಬೇಕಾದದ್ದು ಈ ಕಾಗದವೇ. ಆದರೆ ಒಂದು ಸೂಕ್ಷ್ಮವಿದೆ. ಹೊರಗಿನಿಂದ ನೀರು ನುಗ್ಗಿ ಮೈದಾ ನೆಂದರೆ ಅದು ನೆರೆ. ಹಂಚು ಒಡೆದು, ಸೂರು ಸೋರಿ, ಗೋಡೆ ತೇವ ಹಿಡಿದು ನೆಂದರೆ ಕಂಪನಿ ಅದನ್ನು ನೆರೆಯೆಂದು ಒಪ್ಪುವುದು ಕಷ್ಟ. ಸೂರನ್ನು ಸರಿಪಡಿಸಿಕೊಳ್ಳುವುದು ಮಾಲೀಕರ ಕೆಲಸ ಎನ್ನುತ್ತದೆ. ಎಲ್ಲರಿಗೂ ಒಟ್ಟಿಗೆ ಬರುವ ನೆರೆ ಬರ್ನೂಲಿಯ ನಿಯಮವನ್ನೂ ಕೆಡಿಸುತ್ತದೆಂಬುದು ಬೇರೆ ಮಾತು. ಒಂದು ನಾಣ್ಯ ತಲೆ ಬಿದ್ದರೆ ಉಳಿದ 999ಕ್ಕೂ ತಲೆಯೇ ಬಿದ್ದಂತೆ ಅದು. ಆದ್ದರಿಂದಲೇ ವಿಮಾ ಕಂಪನಿಗಳು ತಮ್ಮ ಹೊರೆಯಲ್ಲಿ ಒಂದು ಭಾಗವನ್ನು ದೇಶವಿದೇಶಗಳ ಬೇರೆ ದೊಡ್ಡ ಕಂಪನಿಗಳಲ್ಲಿ ಮರುವಿಮೆ ಮಾಡಿಸುತ್ತವೆ.

ಬೇಕರಿಯ ಬೆಂಕಿ ಮತ್ತು ಸ್ಫೋಟದಲ್ಲಿ ವಿಜ್ಞಾನದ ವಿದ್ಯಾರ್ಥಿಗೆ ಆಸಕ್ತಿ ಹುಟ್ಟಿಸುವ ಸಂಗತಿಗಳಿವೆ. 1785ರ ಡಿಸೆಂಬರ್ 14ರಂದು ಇಟಲಿಯ ಟ್ಯೂರಿನ್ ನಗರದ ಬೇಕರಿಯೊಂದರ ಉಗ್ರಾಣ ಸಿಡಿಯಿತು. ಅಲ್ಲಿ ಮದ್ದಿನ ಪುಡಿ ಇರಲಿಲ್ಲ, ಇದ್ದದ್ದು ಹಿಟ್ಟು. ಹಿಟ್ಟಿನ ರಾಶಿ ಕುಸಿದು ಎದ್ದ ಧೂಳಿಗೆ ದೀಪದ ಉರಿ ತಗುಲಿತ್ತು. ಮೊರೊಜ್ಜೊ ಎಂಬ ಕೌಂಟ್ ಇದನ್ನು ಪರಿಶೀಲಿಸಿ ಬರೆದಿಟ್ಟಿದ್ದಾನೆ. ಮೂಟೆಯಲ್ಲಿರುವ ಮೈದಾ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ, ಗಾಳಿಯಲ್ಲಿ ತೇಲುವ ಮೈದಾ ಸಿಡಿಯುತ್ತದೆ, ಏಕೆ? 1 ಸೆಂಟಿಮೀಟರ್ ಅಂಚಿನ ಘನವೊಂದರ ಮೈ ವಿಸ್ತೀರ್ಣ 6 ಚದರ ಸೆಂಟಿಮೀಟರ್. ಅದನ್ನೇ ಮಿಲಿಮೀಟರಿನ ಹತ್ತನೇ ಒಂದು ಭಾಗದ ಅಂಚಿನ ಘನಗಳಾಗಿ ಕತ್ತರಿಸಿದರೆ ಒಟ್ಟು ವಿಸ್ತೀರ್ಣ 600 ಚದರ ಸೆಂಟಿಮೀಟರ್. ಅಷ್ಟು ಮೈಗೂ ಒಮ್ಮೆಗೇ ಆಮ್ಲಜನಕ ಸಿಕ್ಕಿದರೆ ಉರಿಯುವುದಕ್ಕೂ ಸಿಡಿಯುವುದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಅಡಿಗೆ ಅನಿಲದ ಕಥೆಯೂ ಹೀಗೆಯೇ. ಅದು ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಿದು ಮೂಲೆ ಸೇರುತ್ತದೆ. ಮೇಲಿನ ಕಿಟಕಿಯೊಂದೇ ತೆರೆದಿದ್ದರೆ ಪ್ರಯೋಜನವಿಲ್ಲ. ನೆಲಮಟ್ಟದಲ್ಲಿ ಗಾಳಿ ಹೋಗಲು ದಾರಿ ಬೇಕು. ಮನೆಬಳಕೆಯ 14.2 ಕಿಲೋ ಸಿಲಿಂಡರನ್ನು ಅಂಗಡಿಯಲ್ಲಿ ಬಳಸುವುದು ನಿಯಮಬಾಹಿರ. ನಾಲ್ಕು ಕಾಸು ಉಳಿಸಲು ಹೋಗಿ ಪರಿಹಾರದ ಹಕ್ಕಿಗೇ ಕುತ್ತು ತಂದುಕೊಳ್ಳುವ ದಾರಿ ಅದು.

ಶಾರ್ಟ್ ಸರ್ಕ್ಯೂಟಿನ ವಿಷಯದಲ್ಲಿ ಬಹಳ ಮಂದಿ ಎಡವುತ್ತಾರೆ. ಹಿಟ್ಟು ಕಲಸುವ ಯಂತ್ರದ ಮೋಟರಿನಲ್ಲಿ ಶಾರ್ಟ್ ಆಗಿ ಅದು ಸುಟ್ಟು, ಅಲ್ಲಿಂದ ಬೆಂಕಿ ಹಬ್ಬಿ ಶೋಕೇಸು, ಸರಕು ಎಲ್ಲ ಹೋಯಿತೆನ್ನಿ. ಸಾಂಪ್ರದಾಯಿಕ ಬೆಂಕಿ ಪಾಲಿಸಿಯ ಷರತ್ತಿನಂತೆ ಶೋಕೇಸಿಗೂ ಸರಕಿಗೂ ಪರಿಹಾರ ಉಂಟು, ಶಾರ್ಟ್ ಆದ ಆ ಮೋಟರಿಗೆ ಇಲ್ಲ. ಅದು ಯಂತ್ರದ ಒಳದೋಷ. ಅದಕ್ಕೆ ಯಂತ್ರ ಕೆಡುವಿಕೆಯ ವಿಮೆ, ಅಂದರೆ ಮೆಷಿನರಿ ಬ್ರೇಕ್‌ಡೌನ್ ಪಾಲಿಸಿ, ಬೇರೆಯೇ ಇದೆ. ಕಾಯಿಲೆಗೂ ಅಪಘಾತಕ್ಕೂ ಇರುವಂಥ ವ್ಯತ್ಯಾಸ. ಎಣ್ಣೆ ಒರೆಸಿದ ಬಟ್ಟೆ, ಹಸಿ ಕೊಬ್ಬರಿ, ತೇವದ ಹತ್ತಿ ಇವು ರಾಶಿಯೊಳಗೆ ನಿಧಾನವಾಗಿ ಉತ್ಕರ್ಷಣಗೊಂಡು, ಹುಟ್ಟಿದ ಶಾಖ ಹೊರಹೋಗದೆ ತಾವಾಗಿ ಹೊತ್ತಿಕೊಳ್ಳುವುದುಂಟು. ಹಳೆಯ ಮಾದರಿಯ ಪಾಲಿಸಿಗಳಲ್ಲಿ ಹೀಗೆ ಸ್ವಯಂ ಹೊತ್ತಿಕೊಂಡ ವಸ್ತುವಿಗೆ ರಕ್ಷಣೆ ಬೇಕಾದರೆ ಹೆಚ್ಚಿನ ಕಂತು ಕೊಡಬೇಕಿತ್ತು. ಕೊಬ್ಬರಿ, ಹತ್ತಿ ದಾಸ್ತಾನು ಮಾಡುವವರು ತಮ್ಮ ಕಾಗದದಲ್ಲಿ ಈ ಸಾಲು ಹೇಗಿದೆಯೆಂದು ಓದಿಯೇ ಸಹಿ ಹಾಕಬೇಕು.

ಅರ್ಧ ವಿಮೆಗೆ ಅರ್ಧ ಪರಿಹಾರ

ಈಗ ಎಲ್ಲಕ್ಕಿಂತ ಹೆಚ್ಚು ಮಂದಿಗೆ ಪೆಟ್ಟು ಕೊಡುವ ಷರತ್ತಿಗೆ ಬರೋಣ. ಬೇಕರಿಯ ಯಂತ್ರಗಳ ಬೆಲೆ 8 ಲಕ್ಷ, ಸರಕು ಮತ್ತು ಪೀಠೋಪಕರಣ 4 ಲಕ್ಷ, ಒಟ್ಟು 12 ಲಕ್ಷ ರೂ. ಎನ್ನೋಣ. ಮಾಲೀಕರು ಕಂತು ಉಳಿಸಲು 6 ಲಕ್ಷಕ್ಕೆ ವಿಮೆ ಮಾಡಿಸುತ್ತಾರೆ. ‘ಇಡೀ ಬೇಕರಿ ಎಲ್ಲಿ ಸುಡುತ್ತದೆ, ಸುಟ್ಟರೆ ಒಂದು ಭಾಗ ಸುಟ್ಟೀತು, 6 ಲಕ್ಷ ಧಾರಾಳ’ ಎಂಬುದು ಅವರ ತರ್ಕ. ಬೆಂಕಿ ಬಿತ್ತು, 3 ಲಕ್ಷದ ನಷ್ಟವಾಯಿತು. ವಿಮೆ 6 ಲಕ್ಷಕ್ಕಿದೆ, 3 ಲಕ್ಷವೂ ಸಿಗುತ್ತದೆಂದು ಅವರು ನಿಶ್ಚಿಂತೆಯಿಂದಿರುತ್ತಾರೆ. ಸಿಗುವುದು ಒಂದೂವರೆ ಲಕ್ಷ!

ಇದರಲ್ಲಿ ಮೋಸವೇನೂ ಇಲ್ಲ. ಆಸ್ತಿಯ ಅರ್ಧಕ್ಕೆ ಮಾತ್ರ ವಿಮೆ ಮಾಡಿಸಿದವರು ಉಳಿದರ್ಧಕ್ಕೆ ತಾವೇ ವಿಮಾ ಕಂಪನಿಯಾದಂತೆ. ಆದ್ದರಿಂದ ಪ್ರತಿ ನಷ್ಟದಲ್ಲೂ ಅರ್ಧ ಅವರ ಪಾಲು. ಲೆಕ್ಕ ಎಂಟನೆಯ ತರಗತಿಯದು: ನಷ್ಟವನ್ನು ವಿಮಾ ಮೊತ್ತದಿಂದ ಗುಣಿಸಿ, ಆಸ್ತಿಯ ನಿಜ ಬೆಲೆಯಿಂದ ಭಾಗಿಸಬೇಕು. ಮೂರು ಗುಣಿಸು ಆರು, ಭಾಗಿಸು ಹನ್ನೆರಡು. ವಿಮೆಯವರು ಇದನ್ನು ‘ಆವರೇಜ್’ ಷರತ್ತು ಎನ್ನುತ್ತಾರೆ. 2021ರ ಸೂಕ್ಷ್ಮ ಉದ್ಯಮ ಪಾಲಿಸಿಯಲ್ಲಿ ಕೊಂಚ ರಿಯಾಯಿತಿ ಇದೆ. ಕೊರತೆ ಶೇ. 15ರೊಳಗಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. 12 ಲಕ್ಷದ ಆಸ್ತಿಗೆ 10 ಲಕ್ಷ 20 ಸಾವಿರದವರೆಗೆ ಇಳಿದರೂ ನಡೆದೀತು. 6 ಲಕ್ಷಕ್ಕೆ ಇಳಿದರೆ ನಡೆಯದು.

ಬೆಲೆ ಕಟ್ಟುವುದರಲ್ಲಿಯೂ ತಪ್ಪುಗಳಾಗುತ್ತವೆ. ಸರಕನ್ನು ಮಾರುವ ಬೆಲೆಗಲ್ಲ, ಕೊಂಡ ಬೆಲೆಗೆ ಹಿಡಿಯಬೇಕು. ಐದು ವರ್ಷದ ಹಿಂದಿನ ಓವನ್‌ಗೆ ಸವಕಳಿ ಕಳೆದು ಪರಿಹಾರ ಬೇಕೋ, ಹೊಸದನ್ನು ಕೊಳ್ಳುವ ಬೆಲೆ ಬೇಕೋ ಎಂಬುದನ್ನು ವಿಮೆ ಮಾಡಿಸುವಾಗಲೇ ತೀರ್ಮಾನಿಸಬೇಕು, ಸುಟ್ಟ ಮೇಲಲ್ಲ. ಕ್ರಿಸ್‌ಮಸ್, ಹೊಸ ವರ್ಷದ ಕೇಕಿನ ಕಾಲದಲ್ಲಿ ದಾಸ್ತಾನು ಎರಡು ಪಟ್ಟಾಗುತ್ತದೆ. ಆಷಾಢದ ದಾಸ್ತಾನು ನೋಡಿ ಮಾಡಿಸಿದ ವಿಮೆ ಡಿಸೆಂಬರಿನಲ್ಲಿ ಅರ್ಧ ವಿಮೆಯಾಗಿಬಿಡುತ್ತದೆ. ಜಾಗ ಸಾಲದೆ ಪಕ್ಕದ ಬೀದಿಯ ಕೊಠಡಿಯಲ್ಲಿ 50 ಮೂಟೆ ಇಟ್ಟರೆ, ಆ ವಿಳಾಸ ಪಾಲಿಸಿಯಲ್ಲಿ ಇಲ್ಲದಿದ್ದರೆ ಆ ಮೂಟೆಗಳಿಗೆ ರಕ್ಷಣೆಯೂ ಇಲ್ಲ.

ಕಳವು, ನಂಬಿಕೆ, ಸ್ಕೂಟರು

ಷಟರ್ ಮುರಿದು ಒಳಹೊಕ್ಕು ಕದ್ದರೆ ಕನ್ನಗಳವಿನ ವಿಮೆ ಒದಗುತ್ತದೆ. ಬಲಪ್ರಯೋಗದ ಗುರುತು ಬೇಕು ಎಂಬುದು ಅದರ ಮುಖ್ಯ ಷರತ್ತು. ಹಗಲು ಹೊತ್ತಿನಲ್ಲಿ ಗಿರಾಕಿಯಂತೆ ಬಂದವನು ಗಲ್ಲಾಪೆಟ್ಟಿಗೆಗೆ ಕೈ ಹಾಕಿ ನಡೆದರೆ, ಅಥವಾ ಗಲ್ಲಾಪೆಟ್ಟಿಗೆಯ ಮುಂದೆ ಕೂತವನೇ ದಿನಕ್ಕಿಷ್ಟೆಂದು ಎತ್ತಿಟ್ಟರೆ ಇದು ಕೆಲಸಕ್ಕೆ ಬಾರದು. ನೌಕರನ ಅಪ್ರಾಮಾಣಿಕತೆಗೆ ಫಿಡೆಲಿಟಿ ಗ್ಯಾರಂಟಿ ಎಂಬ ಬೇರೆ ವಿಮೆ ಇದೆ. ಬ್ಯಾಂಕಿಗೆ ಒಯ್ಯುವ ದಾರಿಯಲ್ಲಿ ಹಣ ಕಿತ್ತುಕೊಂಡರೆ ಅದಕ್ಕೆ ಇನ್ನೊಂದು. ಇವನ್ನೆಲ್ಲ, ಶೋಕೇಸಿನ ಗಾಜು ಮತ್ತು ನಾಮಫಲಕವನ್ನೂ ಸೇರಿಸಿ, ಅಂಗಡಿಯವರಿಗೆಂದು ಒಂದೇ ಕಟ್ಟಾಗಿ ಮಾರುವ ಶಾಪ್‌ಕೀಪರ್ ಪಾಲಿಸಿಗಳಿವೆ. ಚಿಕ್ಕ ಅಂಗಡಿಗೆ ಅದೇ ಅನುಕೂಲ. ಆದರೆ ಕಟ್ಟಿನಲ್ಲಿ ಯಾವ ಯಾವ ವಿಭಾಗಕ್ಕೆ ಹಣ ಕಟ್ಟಲಾಗಿದೆ, ಯಾವುದನ್ನು ಬಿಡಲಾಗಿದೆ ಎಂದು ನೋಡದಿದ್ದರೆ ಕಟ್ಟಿನ ಹೆಸರಷ್ಟೇ ಉಳಿಯುತ್ತದೆ.

ಸ್ಕೂಟರಿಗೆ 1988ರ ಮೋಟಾರು ವಾಹನ ಕಾಯ್ದೆಯಂತೆ ಮೂರನೆಯವರ ವಿಮೆ ಕಡ್ಡಾಯ. ಅದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದಿರುವುದು ಇದು: ಖಾಸಗಿ ವಾಹನದ ಪಾಲಿಸಿಯ ‘ಬಳಕೆಯ ಮಿತಿ’ ಎಂಬ ಭಾಗದಲ್ಲಿ ಬಾಡಿಗೆಗೆ ಓಡಿಸುವುದನ್ನೂ, ಸ್ಯಾಂಪಲ್ಲು ಮತ್ತು ಸ್ವಂತ ಸಾಮಾನು ಬಿಟ್ಟು ಸರಕು ಸಾಗಿಸುವುದನ್ನೂ ಹೊರಗಿಟ್ಟಿರುತ್ತಾರೆ. ಮನೆಯ ಸ್ಕೂಟರಿಗೆ ಬ್ರೆಡ್ಡಿನ ಟ್ರೇ ಬಿಗಿದು ಹಳ್ಳಿ ಹಳ್ಳಿ ಸುತ್ತುವಾಗ ಅಪಘಾತವಾದರೆ ತಗಾದೆ ಏಳುವುದು ಈ ಸಾಲಿನಿಂದಲೇ.

ಕೆಲಸದ ಹುಡುಗನ ಕೈ

ಹಿಟ್ಟು ಕಲಸುವ ಯಂತ್ರಕ್ಕೆ ಕೈ ಸಿಕ್ಕಿತು. ಯಾರ ತಪ್ಪು? ಕಾನೂನು ಇಲ್ಲಿ ತಪ್ಪಿಗಿಂತ ಹೊಣೆಯನ್ನು ಮುಖ್ಯವಾಗಿ ನೋಡುತ್ತದೆ. ಕೆಲಸದಿಂದಾಗಿ, ಕೆಲಸದ ವೇಳೆಯಲ್ಲಿ ಆದ ಗಾಯಕ್ಕೂ ಸಾವಿಗೂ ಮಾಲೀಕರು ಪರಿಹಾರ ಕೊಡಬೇಕೆಂದು 1923ರಷ್ಟು ಹಿಂದೆಯೇ ಕಾಯ್ದೆಯಾಯಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಆ ಕಾಯ್ದೆ ಸೇರಿಹೋಗಿದೆ; ತತ್ತ್ವ ಹಾಗೆಯೇ ಉಳಿದಿದೆ. ಹತ್ತು ಮತ್ತು ಅದಕ್ಕೂ ಹೆಚ್ಚು ಕೆಲಸಗಾರರಿರುವ ಕಡೆ ಇ.ಎಸ್.ಐ. ಯೋಜನೆ ಬರುತ್ತದೆ. ಅಲ್ಲಿ 2019ರ ಜುಲೈನಲ್ಲಿ ಗೊತ್ತಾದ ದರದಂತೆ ಸಂಬಳದ ಶೇ. 3.25 ಮಾಲೀಕರದು, ಶೇ. 0.75 ನೌಕರನದು. ನಾಲ್ವರೇ ಇರುವ ನಮ್ಮ ಬೇಕರಿಯಂಥ ಕಡೆ ಇ.ಎಸ್.ಐ. ಇಲ್ಲದಿದ್ದರೆ ಇಡೀ ಹೊಣೆ ಮಾಲೀಕರ ತಲೆಯ ಮೇಲೆ.

ಎಷ್ಟು ಹೊಣೆ? ಕೆಲಸದಲ್ಲಿ ಸಾವು ಸಂಭವಿಸಿದರೆ ತಿಂಗಳ ವೇತನದ ಅರ್ಧವನ್ನು ವಯಸ್ಸಿಗೆ ತಕ್ಕ ಒಂದು ಸಂಖ್ಯೆಯಿಂದ ಗುಣಿಸಬೇಕು. 25ನೆಯ ವಯಸ್ಸಿಗೆ ಆ ಸಂಖ್ಯೆ 216.91. 2020ರ ಜನವರಿಯಲ್ಲಿ ಕೇಂದ್ರ ಸರ್ಕಾರ ಗೊತ್ತುಮಾಡಿದ ಮಿತಿಯಾದ 15,000 ರೂ. ವೇತನ ಹಿಡಿದರೆ, 7,500 ಗುಣಿಸು 216.91. ಮೊತ್ತ 16,26,825 ರೂಪಾಯಿ. ಬೇಕರಿಯ ಒಟ್ಟು ಬೆಲೆಯೇ 12 ಲಕ್ಷವೆಂಬುದನ್ನು ನೆನಪಿಸಿಕೊಳ್ಳಿ. ಬೆಂಕಿಗಿಂತ ದೊಡ್ಡ ಅಪಾಯ ಆ ಚಿಕ್ಕ ಯಂತ್ರದ ಬಳಿ ನಿಂತಿದೆ. ಆದರೂ ಬೆಂಕಿ ವಿಮೆ ಮಾಡಿಸಿದ ಎಷ್ಟೋ ಮಂದಿ ನೌಕರರ ಪರಿಹಾರ ವಿಮೆಯ ಹೆಸರನ್ನೇ ಕೇಳಿರುವುದಿಲ್ಲ. ಇದು ವಿಷಾದದ ಸಂಗತಿ. ಏಕೆಂದರೆ ಇಲ್ಲಿ ಕಳೆದುಕೊಳ್ಳುವವರು ಎರಡು ಮನೆಯವರು. ಮಾಲೀಕರ ಬಳಿ ಹಣವಿಲ್ಲದಿದ್ದರೆ ಸತ್ತ ಹುಡುಗನ ತಂದೆತಾಯಿಗೆ ಕಾನೂನಿನ ಕಾಗದವೊಂದೇ ಗತಿ.

216.91 ಎಂಬ ಸಂಖ್ಯೆ ಎಲ್ಲಿಂದ ಬಂತು? 20ನೆಯ ವಯಸ್ಸಿಗೆ ಅದು 224, 40ಕ್ಕೆ 184.17. ವಯಸ್ಸು ಏರಿದಂತೆ ಇಳಿಯುತ್ತದೆ. ಇನ್ನೆಷ್ಟು ವರ್ಷ ದುಡಿಯಬಹುದಿತ್ತು, ಆ ದುಡಿಮೆಯನ್ನು ಇಂದೇ ಒಟ್ಟಿಗೆ ಕೊಟ್ಟರೆ ಎಷ್ಟಾಗಬೇಕು ಎಂಬ ಬಗೆಯ ಲೆಕ್ಕ ಇದು. ಆಯುಸ್ಸಿನ ಪಟ್ಟಿ ಹಿಡಿದು ಇಂಥ ಲೆಕ್ಕಕ್ಕೆ ಗಟ್ಟಿ ತಳಹದಿ ಹಾಕಿದವನು ಬೇರೆ ಯಾರೂ ಅಲ್ಲ, ಧೂಮಕೇತುವಿನ ಎಡ್ಮಂಡ್ ಹ್ಯಾಲಿ. ಬ್ರೆಸ್ಲಾವ್ ನಗರದ ಜನನ ಮರಣಗಳ ದಾಖಲೆಯಿಂದ ಅವನು 1693ರಲ್ಲಿ ಪ್ರಕಟಿಸಿದ ಪಟ್ಟಿ ವಿಮಾ ಗಣಿತದ ಮೊದಲ ಮೆಟ್ಟಿಲುಗಳಲ್ಲೊಂದು.

ನೌಕರರ ವಿಮೆ ಮಾಡಿಸುವಾಗ ನಾಲ್ವರಿರುವಲ್ಲಿ ಇಬ್ಬರೆಂದೋ, 15,000 ಸಂಬಳವಿರುವಲ್ಲಿ 8,000 ಎಂದೋ ಬರೆಸುವ ‘ಜಾಣತನ’ ಬೇಡ. ಸಂಬಳದ ಮೊತ್ತದ ಮೇಲೆಯೇ ಕಂತು ನಿಂತಿರುವುದು, ಪರಿಹಾರವೂ ಅದರ ಮೇಲೆಯೇ.

ಇಷ್ಟೆಲ್ಲದರಲ್ಲಿ ಒಬ್ಬರು ಬಿಟ್ಟುಹೋಗಿದ್ದಾರೆ, ಸ್ವತಃ ಮಾಲೀಕರು. ಅವರು ತಮ್ಮ ಬೇಕರಿಯ ನೌಕರರಲ್ಲ. ಆದ್ದರಿಂದ ನೌಕರರ ವಿಮೆ ಅವರಿಗಿಲ್ಲ. ಓವನ್ ಮುಂದೆ ಹೆಚ್ಚು ಹೊತ್ತು ನಿಲ್ಲುವವರು ಮಾತ್ರ ಅವರೇ. ಸಾಲದ ಮೊತ್ತಕ್ಕೆ ಸಾಟಿಯಾದ ಜೀವವಿಮೆ, ಒಂದು ಅಪಘಾತ ವಿಮೆ, ಮನೆಮಂದಿಗೆ ಆರೋಗ್ಯ ವಿಮೆ ಇವು ಅಂಗಡಿಯ ಖರ್ಚೆಂದೇ ತಿಳಿಯಬೇಕು. ಏನೂ ಇಲ್ಲದವರು 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗಾದರೂ ಬ್ಯಾಂಕಿನಲ್ಲಿ ಸಹಿ ಹಾಕಬಹುದು. 2022ರ ಜೂನ್‌ನಲ್ಲಿ ಗೊತ್ತಾದ ದರದಂತೆ ವರ್ಷಕ್ಕೆ 20 ರೂ. ಕಂತು, ಅಪಘಾತದಲ್ಲಿ ಸಾವಾದರೆ 2 ಲಕ್ಷ ರೂ. ದೊಡ್ಡ ಮೊತ್ತವಲ್ಲ, ಆದರೆ ಒಂದು ದಿಲ್‌ಪಸಂದಿನ ಬೆಲೆಗೆ ಅಷ್ಟು ಬೇರೆಲ್ಲೂ ಸಿಗದು.

ಗಿರಾಕಿ ಮತ್ತು ಬಾಗಿಲು ಹಾಕಿದ ದಿನಗಳು

ಕ್ರೀಮ್ ಬನ್ನು ತಿಂದು ಶಾಲೆಯ ಮಕ್ಕಳು ವಾಂತಿ ಮಾಡಿಕೊಂಡರೆಂದು ಇಟ್ಟುಕೊಳ್ಳಿ. ಕೈಯ ಗಾಯದಿಂದ ಕ್ರೀಮಿಗೆ ಇಳಿದ ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಾ ಬೆಚ್ಚಗಿನ ಶೋಕೇಸಿನಲ್ಲಿ ಕೆಲವೇ ಗಂಟೆಗಳಲ್ಲಿ ವಿಷ ಸುರಿಸುತ್ತದೆ. ಆಮೇಲೆ ಬಿಸಿ ಮಾಡಿದರೂ ಆ ವಿಷ ಪೂರ್ತಿ ಹೋಗದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಉತ್ಪನ್ನದ ಹೊಣೆಗೆಂದೇ ಒಂದು ಅಧ್ಯಾಯವಿದೆ. ತಯಾರಿಸಿದವರ ಮೇಲೆ ಪರಿಹಾರ ಕೇಳಬಹುದು. ಇಂಥ ಹೊಣೆಗೆ ಉತ್ಪನ್ನ ಹೊಣೆ ವಿಮೆ, ಅಂಗಡಿಯ ನೆಲದಲ್ಲಿ ಗಿರಾಕಿ ಜಾರಿ ಬಿದ್ದರೆ ಸಾರ್ವಜನಿಕ ಹೊಣೆ ವಿಮೆ. ಅಪಾಯಕಾರಿ ರಾಸಾಯನಿಕಗಳನ್ನು ನಿರ್ವಹಿಸುವವರಿಗೆ ಇದು ಇಷ್ಟದ ಮಾತಲ್ಲ. 1984ರ ಭೋಪಾಲ್ ದುರಂತದ ನಂತರ ಬಂದ 1991ರ ಕಾಯ್ದೆ ಅವರಿಗೆ ಸಾರ್ವಜನಿಕ ಹೊಣೆ ವಿಮೆಯನ್ನು ಕಡ್ಡಾಯ ಮಾಡಿದೆ.

ಬೆಂಕಿ ಬಿದ್ದ ಮೇಲೆ ಓವನ್ನಿನ ಬೆಲೆ ಸಿಕ್ಕಿತು, ಸರಿ. ಹೊಸ ಓವನ್ ಬಂದು ಕೂರುವ ಮೂರು ತಿಂಗಳ ಬಾಡಿಗೆ, ಸಂಬಳ, ಬ್ಯಾಂಕಿನ ಕಂತು? ಬೆಂಕಿ ಪಾಲಿಸಿಗೆ ಜೋಡಿಸುವ ಲಾಭನಷ್ಟದ ವಿಮೆ ಇದಕ್ಕಾಗಿ ಇದೆ. ಬೆಂಕಿಯಂಥ ಘಟನೆಯಿಂದ ವಸ್ತುವಿಗೆ ಹಾನಿಯಾಗಿ ಅದರಿಂದ ವ್ಯಾಪಾರ ನಿಂತಿರಬೇಕೆಂಬುದು ಸಾಮಾನ್ಯ ಷರತ್ತು. 2020ರ ಲಾಕ್‌ಡೌನಿನಲ್ಲಿ ಬಾಗಿಲು ಹಾಕಿದ ಅಂಗಡಿಗಳಲ್ಲಿ ಇಟ್ಟಿಗೆ ಒಂದೂ ಅಲುಗಿರಲಿಲ್ಲ. ಹೀಗಾಗಿ ಈ ಪಾಲಿಸಿ ಇದ್ದವರಿಗೂ ಅದು ಒದಗಲಿಲ್ಲ.

ಕಾಗದ ಎಲ್ಲಿದೆ?

ಸಾಲಕ್ಕೆ ಅಡವಾದ ಯಂತ್ರ, ಸರಕಿಗೆ ಬ್ಯಾಂಕು ವಿಮೆ ಮಾಡಿಸುವುದು ತನ್ನ ಸಾಲದ ಭದ್ರತೆಗಾಗಿ. ಪಾಲಿಸಿಯಲ್ಲಿ ಬ್ಯಾಂಕಿನ ಹೆಸರಿರುತ್ತದೆ, ಪರಿಹಾರ ಮೊದಲು ಸಾಲಕ್ಕೆ ಹೋಗುತ್ತದೆ. ಅಡವಿಡದ ವಸ್ತು ಅದರಲ್ಲಿ ಸೇರದೆಯೇ ಇರಬಹುದು. ಆದ್ದರಿಂದ ಪಾಲಿಸಿಯ ಪ್ರತಿಯನ್ನು ಬ್ಯಾಂಕಿನಿಂದ ಕೇಳಿ ಪಡೆದು, ಅದರ ಒಂದು ನಕಲನ್ನು ಅಂಗಡಿಯಲ್ಲಲ್ಲ, ಮನೆಯಲ್ಲಿಡಬೇಕು. ಅಂಗಡಿ ಸುಟ್ಟರೆ ಅದರ ಜೊತೆ ಕಾಗದವೂ ಸುಡುತ್ತದೆ. ಕಂತು ಮುಂಗಡವಾಗಿ ಕೈಸೇರದೆ ಕಂಪನಿ ಹೊಣೆ ಹೊರುವಂತಿಲ್ಲ ಎಂದು 1938ರ ವಿಮಾ ಕಾಯ್ದೆ ಹೇಳುತ್ತದೆ. ನವೀಕರಣದ ದಿನ ಕಳೆದು ಮರುದಿನ ಬೆಂಕಿ ಬಿದ್ದರೆ ಹಿಂದಿನ ಹತ್ತು ವರ್ಷ ತಪ್ಪದೆ ಕಟ್ಟಿದ್ದು ಲೆಕ್ಕಕ್ಕೆ ಬಾರದು. ಆ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಗುರುತು ಹಾಕುವ ಕೆಲಸವನ್ನು ಮನೆಯ ಮಕ್ಕಳಿಗೆ ವಹಿಸಬಹುದು. ವರ್ಷಕ್ಕೊಮ್ಮೆ ಸಾಮಾನಿನ ಪಟ್ಟಿ ಮಾಡಿ, ಫೋಟೋ ತೆಗೆದು, ಬಿಲ್ಲುಗಳ ನಕಲು ಇಡುವುದೂ ಅವರಿಂದ ಆಗುವ ಕೆಲಸವೇ. ಸರ್ವೇಯರ್ ಬಂದು ಕೇಳುವುದು ಇವನ್ನೇ: ಏನಿತ್ತು, ಎಷ್ಟಿತ್ತು, ಅದಕ್ಕೆ ಪುರಾವೆ ಏನು?

ಅನಾಹುತವಾದ ಕೂಡಲೇ ಕಂಪನಿಗೆ ಬರಹದಲ್ಲಿ ತಿಳಿಸಬೇಕು. ಬೆಂಕಿಯಾದರೆ ಅಗ್ನಿಶಾಮಕ ದಳದ ವರದಿ, ಕಳವಾದರೆ ಪೊಲೀಸ್ ದೂರು ಬೇಕು. ಸರ್ವೇಯರ್ ನೋಡುವ ಮೊದಲು ಸುಟ್ಟ ಸಾಮಾನನ್ನು ಗುಜರಿಗೆ ಹಾಕಬಾರದು, ಉಳಿದದ್ದನ್ನು ಮಳೆಗೆ ಬಿಡಲೂಬಾರದು. ಪರಿಹಾರ ನಿರಾಕರಿಸಿದರೆ ಅಥವಾ ತೀರಾ ಕಡಿಮೆ ಮಾಡಿದರೆ ಕಂಪನಿಗೆ ಲಿಖಿತ ದೂರು ಕೊಡಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಒಬ್ಬರೇ ಮಾಲೀಕರಿರುವ ಅಂಗಡಿಗಳಿಗೂ ಸೂಕ್ಷ್ಮ ಉದ್ಯಮಗಳಿಗೂ ಈ ಬಾಗಿಲು ತೆರೆದಿದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಕರ್ನಾಟಕದವರಿಗೆ ಈ ಕಚೇರಿ ಬೆಂಗಳೂರಿನಲ್ಲಿದೆ.